ಕೊಡಲಿಗೆ ಕಾವು ಹಾಕುವ ಕೆಲಸ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಟ್ರಸ್ಟಿನ ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ಮೌಲಾನಾ ಸಾಹೇಬರೇ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಿಂದ ಬಂದಿರುವ ದಾನಿಗಳೇ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿರುವ ಮಕ್ಕಳ ತಂದೆ-ತಾಯಂದಿರೇ,

ನಾವು ಜೀವಮಾನವೆಲ್ಲ ಪಾಠ ಹೇಳಿದವರು. ಎದುರಿಗೆ ಜನ ಕೂತರೆ ಗಂಟೆ ಹೊಡೆಯುವ ತನಕ ಬಿಡುವ ಅಭ್ಯಾಸವಿಲ್ಲ. ಅಧ್ಯಕ್ಷರು ಇಪ್ಪತ್ತು ನಿಮಿಷ ಎಂದಿದ್ದಾರೆ. ಪ್ರಯತ್ನಿಸುತ್ತೇವೆ.

ನಮಗೆ ಕೊಟ್ಟ ವಿಷಯ ವಿಕಲಚೇತನರ ಸ್ವಾವಲಂಬನೆ. ಇದು ದೊಡ್ಡ ವಿಷಯ. ಅದರಲ್ಲಿ ಒಂದು ತುಂಡನ್ನು ಮಾತ್ರ ತೆಗೆದುಕೊಂಡಿದ್ದೇವೆ. ಕೈಯಿಂದ ದುಡಿದು ತಿನ್ನಬೇಕಾದ ಮನೆಗಳಲ್ಲಿ ಒಬ್ಬರಿಗೆ ಕೈಯೋ ಕಾಲೋ ಕಣ್ಣೋ ಇಲ್ಲದೆ ಹೋದಾಗ, ಮತ್ತೆ ಕೆಲಸಕ್ಕೆ ಕೂರಲು ಯಾವ ಸಾಧನ ಬೇಕು, ಅದರಲ್ಲಿ ನಮ್ಮ ಟ್ರಸ್ಟಿನಂಥವರು ಯಾವ ಭಾಗವನ್ನು ಹೊರಬೇಕು ಎಂಬಷ್ಟೇ ಇವತ್ತಿನ ಮಾತು.

ಅಬೂ ದಾವೂದ್ ಸಂಗ್ರಹದಲ್ಲಿ ಹಝ್ರತ್ ಅನಸ್(ರ) ಅವರಿಂದ ಬಂದ ಒಂದು ಹದೀಸನ್ನು ನೀವು ಜುಮಾ ಬಯಾನಿನಲ್ಲಿ ಕೇಳಿರುತ್ತೀರಿ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿವರ್ಯರ(ಸ) ಬಳಿ ಸಹಾಯ ಕೇಳಿಕೊಂಡು ಬಂದರು. ಮನೆಯಲ್ಲಿ ಏನಿದೆ ಎಂದು ವಿಚಾರಿಸಿದಾಗ, ಅರ್ಧ ಹೊದೆದು ಅರ್ಧ ಹಾಸಿಕೊಳ್ಳುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು ಇದೆ ಎಂದರು. ಅವೆರಡನ್ನೂ ತರಿಸಿ ಪ್ರವಾದಿವರ್ಯರು(ಸ) ತಾವೇ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಊಟದ ಸಾಮಾನು, ಇನ್ನೊಂದರಲ್ಲಿ ಒಂದು ಕೊಡಲಿ ತರಲು ಹೇಳಿದರು. ಕೊಡಲಿ ಬಂದ ಮೇಲೆ ತಮ್ಮ ಕೈಯಾರೆ ಅದಕ್ಕೆ ಕಾವು ಹಾಕಿ, ಸೌದೆ ಕಡಿದು ಮಾರು, ಹದಿನೈದು ದಿನ ಇತ್ತ ಬರಬೇಡ ಎಂದು ಕಳಿಸಿದರು. ಆ ಮನುಷ್ಯ ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಈ ಹದೀಸನ್ನು ಬೇಡುವುದರ ವಿರುದ್ಧದ ಪಾಠವೆಂದು ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನಮಗೆ ನಿಂತು ನೋಡಬೇಕೆನಿಸಿದ್ದು ಆ ಕಾವಿನ ಹತ್ತಿರ. ಕೊಡಲಿ ಕೊಂಡಾಯಿತು, ತೆಗೆದುಕೊಂಡು ಹೋಗು ಎನ್ನಬಹುದಿತ್ತಲ್ಲ? ಕಾವಿಲ್ಲದ ಕೊಡಲಿ ಬರೀ ಕಬ್ಬಿಣದ ತುಂಡು. ಕನ್ನಡದ ಗಾದೆಯಲ್ಲಿ ಕೊಡಲಿ ಕಾವು ಪಾಪ ಕೆಟ್ಟ ಹೆಸರು ಹೊತ್ತಿದೆ, ಕುಲಕ್ಕೆ ಸಾವು ಅಂತ. ಈ ಹದೀಸಿನಲ್ಲಿ ಅದೇ ಕಾವು ಒಂದು ಮನೆಯ ಅನ್ನವಾಯಿತು.

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಬರೋಣ.

ಒಂದು ಶಿಬಿರದಲ್ಲಿ ಎರಡೂ ಕಾಲಿಗೆ ಪೋಲಿಯೋ ಆದ ಒಬ್ಬ ಹೆಣ್ಣುಮಗಳಿಗೆ ಹೊಲಿಗೆ ಮೆಷಿನ್ ಕೊಟ್ಟರು. ಯಾರ ಶಿಬಿರ, ಯಾವ ಊರು ಎಂಬುದು ಬೇಡ. ಶಾಲು, ಹಾರ, ಫೋಟೋ ಎಲ್ಲ ಆಯಿತು. ಮೆಷಿನ್ ಕಾಲಲ್ಲಿ ತುಳಿಯುವಂಥದ್ದು. ಕಾಲಿಲ್ಲದವರಿಗೆ ತುಳಿಯುವ ಮೆಷಿನ್! ಎರಡು ವರ್ಷ ಅದರ ಮೇಲೆ ಬಟ್ಟೆ ಹೊದೆಸಿ ಅಕ್ಕಿ ಡಬ್ಬ ಇಟ್ಟಿದ್ದರು. ಆಮೇಲೆ ಅವರ ಸೋದರಮಾವನ ಪರಿಚಯದ ಒಬ್ಬ ಮೆಕ್ಯಾನಿಕ್ ಬಂದು ಮೆಷಿನ್ನಿಗೆ ಸಣ್ಣ ಮೋಟರ್ ಕೂರಿಸಿದ. ಮೋಟರಿನ ಜೊತೆ ಬರುವ, ಕಾಲಲ್ಲಿ ಒತ್ತುವ ರೆಗ್ಯುಲೇಟರನ್ನು ನೆಲಕ್ಕಿಡದೆ ಮೇಜಿನ ಅಂಚಿಗೆ ಬಿಗಿದು, ಮೊಣಕೈಯಲ್ಲಿ ಒತ್ತುವ ಹಾಗೆ ಮಾಡಿಕೊಟ್ಟ. ಅರ್ಧ ದಿನದ ಕೆಲಸ. ಈಗ ಆ ಹೆಣ್ಣುಮಗಳು ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಹೊಲಿಯಲು ಪುರುಸೊತ್ತಿಲ್ಲ ಎನ್ನುತ್ತಾರೆ. ಮೆಷಿನ್ ಕೊಟ್ಟವರ ಹೆಸರು ಅದರ ಮೇಲೆ ಇನ್ನೂ ಕೆಂಪು ಬಣ್ಣದಲ್ಲಿದೆ. ಮೋಟರ್ ಕೂರಿಸಿದವನ ಹೆಸರು ಎಲ್ಲೂ ಇಲ್ಲ.

ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯೂ ಆಯಿತು. ಅಲ್‌ಹಮ್ದುಲಿಲ್ಲಾಹ್. ಆದರೆ ಅದಕ್ಕೆ ಮೊದಲೇ ಪೋಲಿಯೋ ತಗುಲಿದವರು ಈಗ ದುಡಿಯುವ ವಯಸ್ಸಿನಲ್ಲಿ ನಮ್ಮ ನಡುವೆಯೇ ಇದ್ದಾರೆ. ಅವರ ಜೊತೆಗೆ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ಬೈಕ್ ಅಪಘಾತದವರು, ಸಾಮಿಲ್ಲಿನಲ್ಲಿ ಬೆರಳು, ಕೈ ಕೊಟ್ಟವರು, ಅಡಿಕೆ ಮರದಿಂದ ಬಿದ್ದವರು ಸೇರುತ್ತಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಆಗ ಹಳೆಯ ಕಾನೂನು. 2016ರ ಹೊಸ ಕಾನೂನಿನಲ್ಲಿ ಗುರುತಿಸಿದ ಅಂಗವೈಕಲ್ಯಗಳು 7ರಿಂದ 21ಕ್ಕೆ ಏರಿವೆ.

ಅಡಿಕೆ ಮರದಿಂದ ಬಿದ್ದವರ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಸೀಮೆಯ ಕೊನೆಗೌಡರ ಕೈಚಳಕ ನೋಡಿದವರಿಗೆ ಗೊತ್ತು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟಿಕೊಂಡೇ ತೋಟ ಮುಗಿಸುತ್ತಾರೆ. ಬಿದ್ದರೆ ಪೆಟ್ಟಾಗುವುದು ಬೆನ್ನುಹುರಿಗೆ. ಈಗ ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಒಳ್ಳೆಯದು. ಆದರೆ ಈಗಾಗಲೇ ಬಿದ್ದವರಿಗೆ ಏನು? ವೀಲ್‌ಚೇರ್ ಕೊಡುತ್ತೇವೆ. ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇಲ್ಲದವರು ಬರೀ ರೆಕ್ಸಿನ್ ಸೀಟಿನ ಮೇಲೆ ದಿನವಿಡೀ ಕೂತು ಕೆಲಸ ಮಾಡಿದರೆ ಕೆಲವೇ ದಿನಗಳಲ್ಲಿ ಒತ್ತಡದ ಹುಣ್ಣಾಗುತ್ತದೆ. ನೋವು ಗೊತ್ತಾಗುವುದಿಲ್ಲ, ಜ್ವರ ಬಂದ ಮೇಲೆ ಗೊತ್ತಾಗುತ್ತದೆ. ಹುಣ್ಣು ಎಲುಬಿನ ತನಕ ಹೋದರೆ ಜೀವಕ್ಕೇ ಅಪಾಯ. ಅಂಥವರಿಗೆ ಕುರ್ಚಿಯಷ್ಟೇ ಮುಖ್ಯ ಅದರ ಮೇಲಿನ ಮೆತ್ತೆ, ಮತ್ತು ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತಿ ಭಾರ ಇಳಿಸುವ ಅಭ್ಯಾಸ. ಮೆತ್ತೆ ಕೊಟ್ಟ ಫೋಟೋ ಪತ್ರಿಕೆಯಲ್ಲಿ ಬಂದದ್ದನ್ನು ನಾವು ನೋಡಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ವೀಲ್‌ಚೇರ್ ಕೊಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹಂತಗಳು 8. ಬೇಕಾದವರನ್ನು ಗುರುತಿಸಿ ಕಳಿಸುವುದು, ಅಳತೆ ಮತ್ತು ಪರೀಕ್ಷೆ, ಯಾವ ಬಗೆ ಎಂಬ ತೀರ್ಮಾನ, ಹಣ ಹೊಂದಿಸಿ ತರಿಸುವುದು, ಜೋಡಿಸುವುದು, ಆ ವ್ಯಕ್ತಿಯ ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಕೊನೆಗೆ ಮತ್ತೆ ಮತ್ತೆ ವಿಚಾರಿಸಿ ರಿಪೇರಿ ಮಾಡಿಸುವುದು. ದಾನಿಗಳ ಹಣ ಹೋಗುವುದು ಹೆಚ್ಚಾಗಿ ನಾಲ್ಕನೆಯದಕ್ಕೆ. ಉಳಿದವು ಅನಾಥ. ನಾವು ಕಾವು ಎನ್ನುತ್ತಿರುವುದು ಆ ಉಳಿದವುಗಳಿಗೆ.

ಸಾಧನವೇ ಕೆಲಸಕ್ಕೆ ಹೊಂದಿಕೊಳ್ಳಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಜಗತ್ತು ಮೆಚ್ಚಿದ ಉದಾಹರಣೆ ಇದೆ, ಜೈಪುರ ಕಾಲು. ಹಿಂದೆ ಹೊರದೇಶದ ಮಾದರಿಯ ಕೃತಕ ಕಾಲುಗಳಿಗೆ ಬೂಟು ಹಾಕಲೇಬೇಕಿತ್ತು. ಪಾದ ಮಣಿಯುತ್ತಿರಲಿಲ್ಲ. ಬೂಟು ಹಾಕಿ ಗದ್ದೆಗೆ ಇಳಿಯುವುದು ಹೇಗೆ, ಕುಕ್ಕರುಗಾಲಲ್ಲಿ ಕೂರುವುದು ಹೇಗೆ, ಮಸೀದಿಗೆ ಹೋಗುವುದು ಹೇಗೆ? ಜನ ಆ ಕಾಲನ್ನು ಮೂಲೆಗಿಟ್ಟು ಊರುಗೋಲು ಹಿಡಿಯುತ್ತಿದ್ದರು. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ 1968ರ ಹೊತ್ತಿಗೆ ರಬ್ಬರಿನ ಪಾದ ಮಾಡಿದರು. ರಾಮಚಂದ್ರ ಶರ್ಮಾ ಹೆಚ್ಚು ಓದಿದವರಲ್ಲ. ರಬ್ಬರನ್ನು ಅಚ್ಚಿನಲ್ಲಿಟ್ಟು ಬೇಯಿಸುವ ವಿದ್ಯೆ ಟಯರ್ ಅಂಗಡಿಯದು. ಪಂಕ್ಚರ್ ಅಂಗಡಿಯವರು ಎಂದು ನಮ್ಮ ಹುಡುಗರನ್ನು ಹಂಗಿಸುವವರು ಇದನ್ನು ಒಮ್ಮೆ ಓದಿದರೆ ಒಳ್ಳೆಯದು.

ಆ ಪಾದಕ್ಕೆ ಬೂಟು ಬೇಡ, ಕೆಸರು, ನೀರು ತಾಗಿದರೆ ಕೆಡುವುದಿಲ್ಲ, ಏರು-ತಗ್ಗಿನಲ್ಲಿ ಎಲ್ಲ ದಿಕ್ಕಿಗೂ ಸ್ವಲ್ಪ ಮಣಿಯುತ್ತದೆ. ಕಾಲಿನ ಕೊಳವೆಗೆ ಆಮೇಲೆ ಎಚ್‌ಡಿಪಿಇ ಪೈಪ್ ಬಳಸತೊಡಗಿದರು, ನಮ್ಮ ತೋಟಗಳಿಗೆ ನೀರು ಹಾಯಿಸುವ ಪೈಪಿನ ಜಾತಿಯದೇ. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಶುರು ಮಾಡಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಜಾತಿ-ಮತ ಕೇಳದೆ ಉಚಿತವಾಗಿ ಹಾಕಿಸುತ್ತ ಬಂದಿದೆ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜೈಪುರ ಕಾಲು ಎಂದರೆ ಎಲ್ಲರೂ ನೃತ್ಯಗಾತಿ ಸುಧಾ ಚಂದ್ರನ್ ಅವರನ್ನು ನೆನೆಯುತ್ತಾರೆ. ನೆನೆಯಬೇಕಾದ್ದೇ. ಆದರೆ ಆ ಕಾಲನ್ನು ಕಲ್ಪಿಸಿದ್ದು ಹೊಲದಲ್ಲಿ ದುಡಿಯುವವನಿಗಾಗಿ.

ನಮಗೆ ಇದು ದೂರದ ಮಾತಲ್ಲ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂಬ ಹೆಸರಿದ್ದ ಆಸ್ಪತ್ರೆಯ ಆವರಣದಲ್ಲಿ ಜೈನ್ ಯುವಕರ ಸಂಘಟನೆಯವರ ಮಹಾವೀರ ಲಿಂಬ್ ಸೆಂಟರ್ ಇದೆ. ಯಲ್ಲಾಪುರದಿಂದ ಸುಮಾರು 70, ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಹಾಗಾದರೆ ತೊಂದರೆ ಎಲ್ಲಿ? ಅಳತೆಗೆ ಒಮ್ಮೆ ಹೋದರೆ ಮುಗಿಯುವುದಿಲ್ಲ. ಕತ್ತರಿಸಿದ ಕಾಲಿನ ಮೊಂಡು ಮೊದಲ ಕೆಲವು ತಿಂಗಳಲ್ಲಿ ಸೊರಗುತ್ತ ಹೋಗುತ್ತದೆ. ಮೊದಲು ಸರಿಯಾಗಿದ್ದ ಸಾಕೆಟ್ ಸಡಿಲವಾಗಿ ತಿಕ್ಕಿ ಗಾಯವಾಗುತ್ತದೆ. ಕಾಲುಚೀಲ ಹೆಚ್ಚಿಗೆ ಹಾಕಿ ಹೊಂದಿಸಬೇಕು, ಅದೂ ಸಾಲದಾದಾಗ ಹೊಸ ಸಾಕೆಟ್ ಬೇಕು. ಬೆಳೆಯುವ ಮಕ್ಕಳಿಗಂತೂ ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕು. ಕಾಲು ಉಚಿತವೇ ಇರಬಹುದು. ಸಿದ್ದಾಪುರದ ಒಳಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಹುಬ್ಬಳ್ಳಿ ಮುಟ್ಟಿ, ಕೆಲಸ ಮುಗಿಯದಿದ್ದರೆ ಅಲ್ಲೇ ರಾತ್ರಿ ಉಳಿಯಬೇಕು. ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ತಾಯಿಗೆ ಟಿಕೆಟ್ ಇಲ್ಲ, ಸರಿ. ಆದರೆ ಆಕೆಯ ಎರಡು ದಿನದ ಕೂಲಿ ಹೋಯಿತಲ್ಲ! ಇಷ್ಟಕ್ಕಾಗಿ ಒಳ್ಳೆಯ ಕಾಲುಗಳು ಅಟ್ಟ ಸೇರಿವೆ.

ಕೈಯ ವಿಷಯದಲ್ಲಿ ನಮ್ಮ ಮನೆಗಳು ಇನ್ನೊಂದು ತಪ್ಪು ಮಾಡುತ್ತವೆ. ಕೃತಕ ಕೈ ಎಂದರೆ ನೋಡಲು ಕೈಯಂತಿರಬೇಕು, ಮದುವೆ ಮಾತುಕತೆಗೆ ಬಂದವರಿಗೆ ಗೊತ್ತಾಗಬಾರದು ಎನ್ನುತ್ತಾರೆ. ಹಾಗೆ ತಂದ ಚೆಂದದ ರಬ್ಬರ್ ಕೈ ಒಂದು ಮೊಳೆಯನ್ನೂ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಸಾಮಿಲ್ಲಿನಲ್ಲಿ ಕೈ ಕಳೆದುಕೊಂಡ ಡೊರಾನ್ಸ್ ಎಂಬವರು ತಮಗಾಗಿ ಎರಡು ಸೀಳಿನ ಕಬ್ಬಿಣದ ಕೊಕ್ಕೆ ಮಾಡಿಕೊಂಡು 1912ರಲ್ಲಿ ಪೇಟೆಂಟ್ ಪಡೆದರು. ಇನ್ನೊಂದು ಭುಜಕ್ಕೆ ಕಟ್ಟಿದ ಪಟ್ಟಿಯಿಂದ ತಂತಿ ಬರುತ್ತದೆ. ಭುಜ ಮುಂದೆ ಮಾಡಿದರೆ ಕೊಕ್ಕೆ ತೆರೆಯುತ್ತದೆ, ಬಿಟ್ಟರೆ ರಬ್ಬರಿನ ಬಿಗಿತಕ್ಕೆ ಮುಚ್ಚಿಕೊಳ್ಳುತ್ತದೆ. ನೂರು ವರ್ಷದ ಮೇಲೂ ಇದೇ ಕೊಕ್ಕೆ ಬಡಗಿ, ಮೆಕ್ಯಾನಿಕ್, ರೈತರ ಕೈಯಲ್ಲಿ ಉಳಿದಿದೆ. ಕರೆಂಟ್ ಬೇಡ, ಬ್ಯಾಟರಿ ಬೇಡ, ತಂತಿ ತುಂಡಾದರೆ ಸೈಕಲ್ ಅಂಗಡಿಯಲ್ಲೂ ಏನಾದರೂ ದಾರಿ ಕಾಣುತ್ತದೆ. ಮದುವೆ ಮನೆಗೆ ಚೆಂದದ ಕೈ ಇರಲಿ, ಬೇಡ ಎನ್ನುವುದಿಲ್ಲ. ಸೋಮವಾರ ಗ್ಯಾರೇಜಿಗೆ ಹೋಗುವಾಗ ಕೊಕ್ಕೆ ಇರಲಿ.

ಎಲ್ಲವೂ ಹುಬ್ಬಳ್ಳಿಯಿಂದ, ಕಾನ್ಪುರದಿಂದ ಬರಬೇಕಾಗಿಲ್ಲ. ಬಹಳಷ್ಟನ್ನು ನಮ್ಮ ಬಡಗಿ, ವೆಲ್ಡರುಗಳೇ ಮಾಡಬಲ್ಲರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೇ ನೋಡಿ. ಅದರ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದರಷ್ಟೇ ಕತ್ತಿ ಅಲುಗಾಡುವುದಿಲ್ಲ. ಕಾಲು ಕಳೆದುಕೊಂಡವರಿಗೆ ಸುಲಿಗೆ ಕೆಲಸ ತಪ್ಪಿದ್ದು ಇಷ್ಟಕ್ಕೇ, ಎರಡೂ ಕೈ ಗಟ್ಟಿ ಇದ್ದರೂ. ಸಿದ್ದಾಪುರ ಕಡೆ ಒಬ್ಬರಿಗೆ ಆ ಹಲಗೆಯನ್ನು ಗಿಡ್ಡ ಬೆಂಚಿಗೆ ಬೋಲ್ಟ್ ಹಾಕಿ ಬಿಗಿದುಕೊಟ್ಟರು. ಬೆಂಚಿನ ಮೇಲೆ ಕೂತು ಅವರು ಎಲ್ಲರ ಜೊತೆ ರಾತ್ರಿ ತನಕ ಸುಲಿದರು. ಸುಲಿದಷ್ಟಕ್ಕೆ ಕೂಲಿ, ಅಲ್ಲಿ ರಿಯಾಯಿತಿ ಏನಿಲ್ಲ. ಬೆರಳು ಮಡಚಲು ಬಾರದ ಮಕ್ಕಳಿಗೆ ಉಳಿ, ಬ್ರಷ್, ಸೌಟಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಹಿಡಿತ ಬರುತ್ತದೆ. ದೃಷ್ಟಿಯಿಲ್ಲದವರಿಗೆ ಅಳತೆ ಟೇಪಿನಲ್ಲಿ ಇಂಚಿಗೊಂದು ಸ್ಟೇಪಲ್ ಪಿನ್ ಒತ್ತಿದರೆ ಬೆರಳೇ ಅಳತೆ ಓದುತ್ತದೆ. ತುದಿಯಲ್ಲಿ ಸೀಳಿರುವ ಸೂಜಿ ಸಿಗುತ್ತದೆ, ದಾರವನ್ನು ಮೇಲಿನಿಂದ ಒತ್ತಿದರೆ ಸಾಕು, ಕಣ್ಣು ಬೇಕಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಈಗ ಹೊರಗೂ ಹೆಸರಿದೆ. ಕೂತಲ್ಲೇ ಮಾಡುವ ಅಂಥ ಕೆಲಸಕ್ಕೆ ಈ ಸೂಜಿಯೊಂದು ದೊಡ್ಡ ಉಪಕಾರ. ಅಂಗಡಿ ನಡೆಸುವ ದೃಷ್ಟಿಹೀನರಿಗೆ ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ‘ಮನಿ’ ಎಂಬ ಆ್ಯಪ್ ತಂದಿದೆ, ಉಚಿತ.

ಕಿವಿ ಕೇಳದ ಹುಡುಗರು ಗ್ಯಾರೇಜು, ಬಡಗಿ ಕೆಲಸದಲ್ಲಿ ಚೆನ್ನಾಗಿ ಮುಂದೆ ಬರುತ್ತಾರೆ. ಗಂಟೆಯ ಬದಲು ದೀಪ ಹಾಕಿದರೆ ಅರ್ಧ ತೊಂದರೆ ಮುಗಿಯಿತು. ಶ್ರವಣ ಸಾಧನಕ್ಕೆ ನಮ್ಮ ಮಲೆನಾಡಿನ ಮಳೆಗಾಲವೇ ವೈರಿ. ರಾತ್ರಿ ಅದನ್ನು ಬಿಚ್ಚಿ, ಬ್ಯಾಟರಿ ತೆಗೆದು, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಆ ಪೊಟ್ಟಣ ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಯಾವ ಕೆಲಸ ಕಲಿಸಬೇಕು ಎಂಬುದರಲ್ಲೂ ಹಳೆಯ ರೂಢಿ ಬಿಡಬೇಕು. ಕುರುಡರಿಗೆ ಕುರ್ಚಿಯ ಬೆತ್ತ ಹೆಣೆಯುವುದು ಎಂದು ಒಂದು ಕಾಲದಲ್ಲಿ ಎಲ್ಲ ಅಂಧರ ಶಾಲೆಗಳೂ ಕಲಿಸಿದವು. ಪ್ಲಾಸ್ಟಿಕ್ ಕುರ್ಚಿ ಬಂದು ಆ ಅನ್ನ ಹೋಯಿತು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು, ಸ್ವತಃ ಪೋಲಿಯೋದಿಂದ ಗಾಲಿಕುರ್ಚಿಯಲ್ಲಿದ್ದವರು, 1959ರಲ್ಲಿ ಶುರು ಮಾಡಿದ ಅಂಗವಿಕಲರ ಸಂಸ್ಥೆ ಎಪಿಡಿ ತೋಟಗಾರಿಕೆ ಕಲಿಸುತ್ತದೆ. ಈ ದಾರಿ ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿದೆ ಎಂದು ನಮ್ಮ ಅಭಿಪ್ರಾಯ. ಕಾಳುಮೆಣಸಿನ ಬಳ್ಳಿ ನೆಡುವುದು, ಚೀಲಕ್ಕೆ ಮಣ್ಣು ತುಂಬುವುದು, ಕಸಿ ಕಟ್ಟುವುದು ಎಲ್ಲ ಕೂತು ಮಾಡುವ ಕೆಲಸ. ಸಸಿಗಳನ್ನು ನೆಲದಲ್ಲಿಡದೆ ಗಾಲಿಕುರ್ಚಿ ಒಳಗೆ ಹೋಗುವಷ್ಟು ಎತ್ತರದ ಮೇಜಿನ ಮೇಲಿಟ್ಟರೆ ಸಾಕು. ಸಸಿಗೆ ಗಿರಾಕಿ ಮಳೆಗಾಲಕ್ಕೆ ಮೊದಲು ಮನೆ ಬಾಗಿಲಿಗೇ ಬರುತ್ತಾರೆ. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇರುವಾಗ ಕಸಿ ಕಲಿಸುವವರನ್ನು ದೂರದಿಂದ ಕರೆಸಬೇಕಿಲ್ಲ. ಟ್ರಸ್ಟ್ ಮನಸ್ಸು ಮಾಡಿದರೆ ಮೊದಲ ಹೆಜ್ಜೆ ಇಲ್ಲಿಂದ ಇಡಬಹುದು.

ದಾನಿಗಳಲ್ಲಿ ಈಗ ನೇರವಾಗಿ ಕೇಳುತ್ತೇವೆ. ಸಾಧನ ಕೊಳ್ಳಲು ಸರಕಾರದ ದಾರಿಗಳಿವೆ. ಕೇಂದ್ರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ. ಸಾಧನಗಳನ್ನು ತಯಾರಿಸಲು ಕಾನ್ಪುರದಲ್ಲಿ ಅಲಿಮ್ಕೋ 1972ರಲ್ಲೇ ಸ್ಥಾಪನೆಯಾಗಿದೆ. ಅವರು ಕೊಟ್ಟಿದ್ದನ್ನೇ ನಾವೂ ಕೊಟ್ಟು ಬ್ಯಾನರ್ ಕಟ್ಟುವುದರಲ್ಲಿ ಲಾಭವಿಲ್ಲ. ಈ ವರ್ಷದ ಸಂಗ್ರಹದಲ್ಲಿ ಒಂದು ಪಾಲನ್ನು ಹುಬ್ಬಳ್ಳಿಗೆ ಹೋಗಿಬರುವ ಖರ್ಚು, ಜೊತೆಗಾರರ ಕೂಲಿ, ಮೆತ್ತೆ, ಮೋಟರ್, ರಿಪೇರಿ, ಮನೆಗೇ ಹೋಗಿ ಹೊಂದಿಸಿಕೊಡುವ ಮೆಕ್ಯಾನಿಕ್ಕಿನ ಸಂಬಳ ಇವುಗಳಿಗೆಂದೇ ತೆಗೆದಿಡಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ಇದರಲ್ಲಿ ಹೆಸರು ಕೆತ್ತಿಸಲು ಜಾಗವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಝಕಾತಿನಿಂದ ಉಪಕರಣ ಕೊಡಿಸಬಹುದೇ ಎಂದು ಕೆಲವರು ಕೇಳಿದ್ದಾರೆ. ಕಸುಬುದಾರನಾದ ಬಡವನಿಗೆ ಅವನ ಕಸುಬಿನ ಉಪಕರಣ ಕೊಳ್ಳುವಷ್ಟು ಕೊಡಬಹುದೆಂದು ಶಾಫಿಈ ಮದ್‌ಹಬಿನ ಇಮಾಮ್ ನವವಿ ಅವರು ಏಳುನೂರು ವರ್ಷಗಳಿಗೂ ಹಿಂದೆಯೇ ಬರೆದಿದ್ದಾರೆ. ಆದರೆ ಪಡೆಯುವವರು ಹಕ್ಕುದಾರರೇ, ಪ್ರಯಾಣ, ಸಂಬಳದ ಖರ್ಚು ಯಾವ ಬಾಬ್ತಿಗೆ ಸೇರಬೇಕು ಎಂಬುದನ್ನು ಮೌಲಾನಾ ಸಾಹೇಬರು ಹೇಳಬೇಕು, ನಾವಲ್ಲ. ಸಂಶಯವಿದ್ದಲ್ಲಿ ಸದಕಾ ಬಾಬ್ತಿನಲ್ಲಿ ಕೊಡಿ. ರಸೀದಿಯ ಮೇಲೆ ಯಾವುದೆಂದು ಬರೆಸಿಕೊಳ್ಳಿ, ಲೆಕ್ಕ ಪ್ರತ್ಯೇಕ ಇಡಲು ಅನುಕೂಲ.

ಇನ್ನು ತಂದೆ-ತಾಯಂದಿರಿಗೆ. ಅಂಗವೈಕಲ್ಯ ಇರುವ ಮಗುವಿದ್ದರೆ ಯುಡಿಐಡಿ ಕಾರ್ಡ್ ಮಾಡಿಸಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು, ವಿ.ಆರ್.ಡಬ್ಲ್ಯು. ಎನ್ನುತ್ತಾರೆ, ಅವರನ್ನು ಕಾಣಿ. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಇರುತ್ತಾರೆ. ಶೇಕಡಾ 40 ಮತ್ತು ಅದಕ್ಕೂ ಹೆಚ್ಚು ಎಂದು ಪ್ರಮಾಣಪತ್ರವಾದರೆ 2016ರ ಕಾನೂನಿನಂತೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಸೀಟು, ಸರಕಾರಿ ನೌಕರಿಯಲ್ಲಿ ಶೇಕಡಾ 4 ಮೀಸಲಿದೆ. ಆರರಿಂದ ಹದಿನೆಂಟು ವರ್ಷದ ತನಕ ಉಚಿತ ಶಿಕ್ಷಣದ ಹಕ್ಕೂ ಇದೆ. ಹೆಣ್ಣುಮಗು, ಮನೆಯಲ್ಲೇ ಇರಲಿ ಬಿಡಿ ಎಂದು ಕಾರ್ಡ್ ಮಾಡಿಸದವರು ಇಲ್ಲೂ ಕೂತಿದ್ದೀರಿ, ನಮಗೆ ಗೊತ್ತು. ಊಟಕ್ಕೆ ಮೊದಲು ಬಂದು ಮಾತಾಡಿ.

ಈ ಸಲದ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿ ನಮ್ಮ ವಿನಂತಿಯ ಮೇರೆಗೆ ಎರಡು ಸಾಲು ಖಾಲಿ ಬಿಟ್ಟಿದ್ದಾರೆ. ಮಗುವಿನ ಅಂಕಗಳನ್ನು ಮೇಲೆಯೇ ಬರೆದಿರುತ್ತೀರಿ. ಆ ಎರಡು ಸಾಲಿನಲ್ಲಿ ಮಗು ಕೈಯಿಂದ ಯಾವ ಕೆಲಸವನ್ನು ಇಷ್ಟಪಟ್ಟು ಮಾಡುತ್ತದೆ, ಅದರಲ್ಲಿ ಎಲ್ಲಿ ಅಡ್ಡಿಯಾಗುತ್ತದೆ ಎಂಬುದನ್ನು ಬರೆಯಿರಿ. ಕೈಗೆ ಸಿಗುವುದಿಲ್ಲ, ಎತ್ತರ ಸಾಲದು, ಹಿಡಿತ ಜಾರುತ್ತದೆ, ಏನಿದೆಯೋ ಹಾಗೆಯೇ. ಸಾಧ್ಯವಾದರೆ ಮಗುವಿನ ಕೈಯಲ್ಲೇ ಬರೆಸಿ, ಬರೆಯಲಾಗದಿದ್ದರೆ ಅದು ಹೇಳಿದಂತೆ ನೀವು ಬರೆಯಿರಿ. ಮನೆಯಲ್ಲಿ ಬಳಸದೆ ಬಿದ್ದಿರುವ ಕಾಲು, ಕುರ್ಚಿ, ಮೆಷಿನ್ ಇದ್ದರೆ ಅದನ್ನೂ ಅಲ್ಲೇ ನಮೂದಿಸಿ. ರಿಪೇರಿಯ ಪಟ್ಟಿಯನ್ನು ನಾವು ಅಲ್ಲಿಂದಲೇ ಮಾಡಲಿದ್ದೇವೆ.